ಮೂರು ತಂತಿ, ಒಂದು ಕುರ್ಚಿ

"ಬೆಸುಗೆ ಅಂದ್ರೆ ಮದುವೆ ಇದ್ದಂಗೆ. ನಿನ್ನ ಪ್ಲಗ್ಗು ಬಸ್ಸಲ್ಲಿ ಪಕ್ಕ ಕೂತವರ ಪರಿಚಯ," ಎನ್ನುತ್ತ ಅಪ್ಪ ಬೈಕಿನ ಹಿಂದೆ ಮಣೆ ಹಾಕಿಕೊಂಡು ಕುಳಿತ.

"ಗಾಡಿ ಅದುರುತ್ತಪ್ಪಾ. ಬೆಸುಗೆ ಹಾಕಿದ ಕಡೆ ತಂತಿ ಸೆಟೆದುಕೊಂಡು ಅದರ ಪಕ್ಕದಲ್ಲೇ ಮುರಿಯುತ್ತೆ," ಎಂದಳು ಮಗಳು.

"ಪ್ಲಗ್ಗಿನೊಳಗೆ ನೀರು ಹೋಗಿ ಹಸಿರು ಕಿಲುಬು ಕಟ್ಟಿದಾಗ ನನ್ನ ಕರೀಬೇಡ."

ಮಗಳದು ಲಿಫ್ಟ್ ರಿಪೇರಿ ಕೆಲಸ. ಅಪ್ಪ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನು. ಮಗಳಿಗಿಂತ ಆರು ವರ್ಷ ಹಿರಿದಾದ ಆ ಬೈಕಿನ ತಂತಿಗಳನ್ನೆಲ್ಲ ಇಲಿ ಕಡಿದುಹಾಕಿತ್ತು. ಹೊಸ ತಂತಿ ಎಳೆಯಲು ಇಬ್ಬರೂ ಕೈಹಾಕಿದ್ದೇ ತಡ, ಎತ್ತು ಏರಿಗೆ, ಕೋಣ ನೀರಿಗೆ. ರೋಸಿಹೋದ ಅಮ್ಮ ಬೈಕನ್ನೇ ಪಾಲು ಮಾಡಿಕೊಟ್ಟಿದ್ದಳು. ಸೀಟಿನಿಂದ ಮುಂದೆ ಮಗಳಿಗೆ, ಹಿಂದೆ ಅಪ್ಪನಿಗೆ. ಮಗಳು ಹದಿನಾಲ್ಕು ತಂತಿಗಳನ್ನು ನಿನ್ನೆಯೇ ಟಕ್ ಟಕ್ ಎಂದು ಪ್ಲಗ್ಗಿಗೆ ಸಿಕ್ಕಿಸಿ ಮುಗಿಸಿದ್ದಳು. ಅಪ್ಪನ ಪಾಲಿಗೆ ಉಳಿದದ್ದು ಮೂರೇ ಮೂರು, ಹಿಂದಿನ ದೀಪದವು. ಇವತ್ತು ಬೆಳಗ್ಗೆ ಹತ್ತು ಗಂಟೆಗೆ ಹಳೆ ಬೈಕುಗಳ ಮೆರವಣಿಗೆ. ದೀಪ ಹತ್ತದ ಗಾಡಿಯನ್ನು ಗೇಟಿನಿಂದಲೇ ವಾಪಸ್ಸು ಕಳಿಸುತ್ತಾರೆ.

ಎರಡು ವರ್ಷದಿಂದ ಅಪ್ಪನ ಕೈ ನಡುಗುತ್ತಿತ್ತು. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಅವನ ಲೋಟಕ್ಕೆ ಮಾತ್ರ ಚಹಾ ಮುಕ್ಕಾಲೇ ಬೀಳುತ್ತಿತ್ತು. ಇವತ್ತು ಅಮ್ಮ ತನ್ನ ಕಬ್ಬಿಣದ ಕುರ್ಚಿಯನ್ನು ಬೈಕಿನ ಮಗ್ಗುಲಿಗೆ ಎಳೆದು ಕುಳಿತಳು. ಆಸರೆಯಿರಲೆಂದು ಒಂದು ಕೈಯನ್ನು ಕುರ್ಚಿಯ ತೋಳಿನ ಮೇಲಿಂದ, ಇನ್ನೊಂದನ್ನು ಅದರ ಕೆಳಗಿಂದ ಚಾಚಿ, ಬೈಕಿನಿಂದ ಬಂದ ತುದಿಯನ್ನೂ ದೀಪದಿಂದ ಬಂದ ತುದಿಯನ್ನೂ ಕೂಡಿಸಿ ಹಿಡಿದಳು.

ಎರಡು ಗಂಟೆ ಹಿಡಿಯಿತು. ಕರಗಿದ ಸೀಸದ ಮೊದಲ ಹನಿಗಳೆಲ್ಲ ನೆಲಕ್ಕೇ ಬಿದ್ದವು. ಅಪ್ಪ ಉಸಿರು ಬಿಗಿಹಿಡಿದ, ಬೈದ, ಬೆಸುಗೆಯ ಕಾವಿನ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದ. ಕೊನೆಗೂ ಮೂರು ಬೆಸುಗೆ ಬೆಳ್ಳಗೆ ಹೊಳೆದವು. ಅವುಗಳ ಮೇಲೆ ಪ್ಲಾಸ್ಟಿಕ್ ಕೊಳವೆ ಜಾರಿಸಿ, ಎದೆಯುಬ್ಬಿಸಿ ಎದ್ದುನಿಂತ.

"ನೋಡು! ಬೆಸುಗೆಗೆ ಮೊದಲೇ ಕೊಳವೆ ತಂತಿಗೆ ತೂರಿಸಿಟ್ಟಿದ್ದೆ. ಎಂಥೆಂಥ ಪಳಗಿದವರೂ ಮರೀತಾರೆ, ನಾನು ಮರೀಲಿಲ್ಲ."

ದೀಪವೂ ಹತ್ತಿತು. ಅಮ್ಮ ಕೈ ಕೊಡವಿಕೊಂಡು ಎದ್ದಳು. ಅಪ್ಪ ಸ್ಟ್ಯಾಂಡ್ ತೆಗೆದು ಬೈಕನ್ನು ಬಾಗಿಲ ಕಡೆ ತಳ್ಳಿದ. ಕುರ್ಚಿ ಕಿರ್ರೆಂದು ಹಿಂದೆಯೇ ಹೊರಟಿತು. ಅಪ್ಪ ನಿಂತ, ಕುರ್ಚಿಯೂ ನಿಂತಿತು. ತೋಳಿನ ಮೇಲೊಂದು, ಕೆಳಗೊಂದು ಬಂದಿದ್ದ ತುದಿಗಳು ಈಗ ತೋಳನ್ನು ಬಳಸಿ ಒಂದಾಗಿ, ಕುರ್ಚಿ ಬೈಕಿನ ಆಸ್ತಿಯಾಗಿತ್ತು.

ಮಗಳು ನಕ್ಕು ನಕ್ಕು ನೆಲದ ಮೇಲೆ ಕುಸಿದಳು. ಆಮೇಲೆ ಕಣ್ಣೊರೆಸಿಕೊಂಡು ಕಟರ್ ತಂದಳು. "ಒಂದು ನಿಮಿಷ. ಕತ್ತರಿಸಿ ಮೂರು ಪ್ಲಗ್ ಹಾಕಿಬಿಡ್ತೀನಿ."

"ಮುಟ್ಟಬೇಡ!"

"ಮತ್ತೆ? ಕುರ್ಚೀನೂ ಮೆರವಣಿಗೆಗೆ ಬರುತ್ತಾ?"

"ಗರಗಸ ತಗೊಂಡ್ಬಾ. ಕುರ್ಚಿ ಕುಯ್ಯೋಣ."

"ನನ್ನ ಕುರ್ಚಿ ಏನು ಪಾಪ ಮಾಡಿತ್ರೀ?" ಎಂದಳು ಅಮ್ಮ.

"ಹಿಡಿದ ಮೊಲಕ್ಕೆ ಮೂರೇ ಕಾಲು ಅಂತೀಯಲ್ಲ ಅಪ್ಪಾ! ಪ್ಲಗ್ ಬೇಡ, ಬಿಡು. ಕತ್ತರಿಸಿಕೊಡ್ತೀನಿ, ನೀನೇ ಇನ್ನೊಂದ್ಸಲ ಬೆಸುಗೆ ಹಾಕು. ಹತ್ತು ನಿಮಿಷದ ಕೆಲಸ ಅಂತ ನೀನೇ ಹೇಳ್ತಿದ್ಯಲ್ಲ?"

ಅಪ್ಪ ಬಲಗೈಯನ್ನು ಎಡಕಂಕುಳಲ್ಲಿ ಅಡಗಿಸಿಕೊಂಡ.

"ಇನ್ನೊಂದ್ಸಲ ಆಗಲ್ಲ ಕಣೇ," ಎಂದ, ಕುರ್ಚಿಗೆ ಹೇಳುವವನಂತೆ.

ನಕ್ಕಿದ್ದಕ್ಕೆ ಮಗಳಿಗೆ ನಾಚಿಕೆಯಾಯಿತು. ಕಟರನ್ನು ಜೇಬಿಗೆ ಸೇರಿಸಿ, ಕುರ್ಚಿಯ ಕೆಳಗೆ ಅಂಗಾತ ಮಲಗಿ ಹುಡುಕಿದಳು. ತೋಳಿನ ಮುಂತುದಿಯಲ್ಲಿ ತುಕ್ಕು ಹಿಡಿದ ಬೋಲ್ಟೊಂದಿತ್ತು. ಎಣ್ಣೆ ಬಿಟ್ಟಳು, ಸ್ಪ್ಯಾನರ್ ಹಾಕಿ ತಿರುಗಿಸಿದಳು, ಬೆರಳ ಗೆಣ್ಣು ತರಚಿಕೊಂಡಳು. ಕಾಲು ಗಂಟೆ ಒದ್ದಾಡಿದ ಮೇಲೆ ಬೋಲ್ಟು ಸೋತಿತು. ತೋಳನ್ನು ಒಂದಿಂಚು ಎತ್ತಿದ್ದೇ ಮೂರು ತಂತಿಗಳೂ ಜಾರಿ ಹೊರಬಂದವು. ಬೆಸುಗೆಗೆ ಏನೂ ಆಗಿರಲಿಲ್ಲ.

ಅಪ್ಪನ ಮುಖಕ್ಕೆ ಮತ್ತೆ ಕಳೆ ಬಂತು. "ನೋಡಿದ್ಯಾ? ಸಾಮಾನು ಅಂದ್ರೆ ಹೀಗಿರಬೇಕು. ಬೇಕಾದಾಗ ಬಿಚ್ಚೋ ಹಂಗೆ!"

ಪ್ಲಗ್ಗೂ ಅದೇ ತಾನೇ ಎನ್ನಲು ಮಗಳು ಬಾಯಿ ತೆರೆದಳು. ಅಪ್ಪನ ಬೆನ್ನ ಹಿಂದೆ ಅಮ್ಮ ತುಟಿಯ ಮೇಲೆ ಬೆರಳಿಟ್ಟಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಮೂರನೇ ಒದೆತಕ್ಕೆ ಇಂಜಿನ್ ಎದ್ದಿತು. ಸೀಟು, ಕನ್ನಡಿ, ಹಿಂದೆ ಕುಳಿತ ಅಮ್ಮನ ಗಲ್ಲ ಎಲ್ಲವೂ ಅದುರತೊಡಗಿ, ಅಪ್ಪನ ಕೈಯ ನಡುಕ ಬೇರೆಯಾಗಿ ಕಾಣಲೇ ಇಲ್ಲ. ಮಗಳು ಬಾಗಿಲಲ್ಲಿ ನಿಂತು ಗೆಣ್ಣಿನ ರಕ್ತ ಒರೆಸಿಕೊಳ್ಳುತ್ತ ನೋಡಿದಳು.

ರಸ್ತೆ ಖಾಲಿಯಿತ್ತು. ಒಂದು ನಾಯಿಯೂ ಅಡ್ಡ ಬರಲಿಲ್ಲ. ಆದರೂ ಅಪ್ಪ ಬ್ರೇಕ್ ಒತ್ತಿದ. ಹಿಂದಿನ ದೀಪ ಕೆಂಪಗೆ ಹತ್ತಿತು. ಸ್ವಲ್ಪ ದೂರ ಹೋಗಿ ಇನ್ನೊಮ್ಮೆ ಒತ್ತಿದ.