ಸಾರ್ ಧ್ವನಿಯಲ್ಲಿ ಎಲುಬು

ಮೈಕ್ರೋಸ್ಕೋಪಿಗೆ ಕಣ್ಣಿಟ್ಟ ಮಧುಶ್ರೀಗೆ ಕಂಡದ್ದು ಎಲುಬು. ಗುರುತು ಹಿಡಿಯಲು ಗಳಿಗೆಯೂ ಬೇಕಾಗಲಿಲ್ಲ. ಉತ್ತರವೂ ನಾಲಗೆಯ ತುದಿಯಲ್ಲೇ ಇತ್ತು. ತೊಂದರೆಯೆಂದರೆ, ಆ ನಾಲಗೆ ಅವಳದಾಗಿರಲಿಲ್ಲ.

ಅದು ನೀಲಕಂಠಸ್ವಾಮಿ ಸಾರ್ ಅವರದು. ಈ ಕೆ.ಆರ್. ನಗರದ ಕಾಲೇಜಿನಲ್ಲಿ ಮೂರು ವರ್ಷ ಪ್ರಾಣಿಶಾಸ್ತ್ರ ಕಲಿಸಿದ ಅದೇ ಸಾರ್ ಈಗ ಮೇಜಿನ ಆಚೆ, ಮೈಸೂರಿನಿಂದ ಬಂದ ಪರೀಕ್ಷಕಿ ನೀಲಾಂಬಿಕೆ ಮೇಡಮ್ ಪಕ್ಕದಲ್ಲಿ ಕೂತಿದ್ದರು.

ಮಧುಶ್ರೀಗೆ ಪುಸ್ತಕ ತಲೆಗೆ ಹತ್ತುತ್ತಿರಲಿಲ್ಲ, ಸಾರ್ ಹತ್ತುತ್ತಿದ್ದರು. ಹಾಸ್ಟೆಲ್ಲಿನಲ್ಲಿ ಟವೆಲನ್ನು ಶಾಲಿನಂತೆ ಹೆಗಲಿಗೆಸೆದು, ಸಾರ್ ಹಾಗೇ ಮೂಗಿನಲ್ಲಿ ಗಾಳಿ ತುಂಬಿ, “ಹ್ಞಾಂ, ಏನಪ್ಪಾ ಅಂತಂದ್ರೇಏಏ” ಎಂದು ಎಳೆದರೆ ಸಾಕು, ಇಡೀ ಪಾಠ ಹಗ್ಗ ಹಿಡಿದ ಕರುವಿನಂತೆ ಹಿಂದೆ ಬರುತ್ತಿತ್ತು. ಕೇಳಿದ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಪಾಸಾಗುತ್ತಿದ್ದರು. ಗೆಳತಿ ವನಿತಾ ಮಾತ್ರ ಒಮ್ಮೆ, “ಲೇ, ವೈವಾದಲ್ಲಿ ಏನೇ ಮಾಡ್ತೀಯ? ಅಲ್ಲಿ ಒರಿಜಿನಲ್ಲೇ ಕೂತಿರ್ತದೆ ಕಣೇ!” ಎಂದಿದ್ದಳು. ಅದಕ್ಕೂ ನಕ್ಕಿದ್ದರು.

“ಯಾವ ಅಂಗಾಂಶ ಇದು?” ಮೇಡಮ್ ಕೇಳಿದರು.

“ಸಂಯೋಜಕ ಅಂಗಾಂಶ, ಮೇಡಮ್.”

“ಉಳಿದ ಅಂಗಾಂಶಗಳಿಗೂ ಇದಕ್ಕೂ ಏನು ವ್ಯತ್ಯಾಸ?”

ಮಧುಶ್ರೀ ಬಾಯಿ ತೆರೆದಳು. ಗಂಟಲಲ್ಲಿ ಆ ‘ಹ್ಞಾಂ’ ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆಯ ಹಾಗೆ ಬಿದ್ದಿತ್ತು. ಅದು ಎದ್ದರೆ ಮಾತ್ರ ಒಳಗಿನದು ಹೊರಗೆ. ಎಬ್ಬಿಸಿದರೆ ಸಾರ್ ಕಣ್ಣೆದುರೇ ಅವರ ಮಾನ ಹೋಗುತ್ತದೆ; ಎಬ್ಬಿಸದಿದ್ದರೆ ತಾನು ಫೇಲು, ಬಿ.ಎಡ್. ಸೇರುವುದು ಇನ್ನೊಂದು ವರ್ಷ ಮುಂದಕ್ಕೆ. ಎಲುಬಿಲ್ಲದ ನಾಲಗೆ ಎಲುಬಿನ ಮುಂದೆ ಕಲ್ಲಾಗಿ ಕೂತಿತು.

ಸಾರ್‌ಗೆ ಮರುಕ ಬಂತು. ಬಡಪಾಯಿ ಹೆದರಿದ್ದಾಳೆ ಎಂದುಕೊಂಡು ತಾವೇ ಮಾತು ಎತ್ತಿಕೊಟ್ಟರು. “ಹೇಳಮ್ಮಾ, ನಿಂಗೆ ಗೊತ್ತಿದೆ. ಹ್ಞಾಂ, ಏನಪ್ಪಾ ಅಂತಂದ್ರೇಏಏ...”

ಅಷ್ಟೇ. ತಳ್ಳಿದ ಗಾಡಿ ಸ್ಟಾರ್ಟಾಗಿಬಿಟ್ಟಿತು.

“...ಮೈ ಹೊದಿಸೋ ಅನುಲೇಪಕದಲ್ಲಿ ಜೀವಕೋಶಗಳು ಸಂತೆ ದಿನದ ಬಸ್ಸಿನ ಹಾಗೆ ಒತ್ತೊತ್ತಾಗಿ! ನಡುವೆ ಬೆರಳಿಡೋಕೂ ಜಾಗವಿಲ್ಲ! ಸ್ನಾಯುವೋ, ಕುಗ್ಗುತ್ತದೆ! ನರವೋ, ಸುದ್ದಿ ಒಯ್ಯುತ್ತದೆ! ಸಂಯೋಜಕದಲ್ಲೋಓಓ, ಜೀವಕೋಶ ಅಲ್ಲೊಂದು ಇಲ್ಲೊಂದು, ನಡುವೆ ತುಂಬಿರೋ ಮಾತೃಕೆಯೇ ಜಾಸ್ತಿ! ತಿಳೀತೇನ್ರಪ್ಪಾ?”

ಕೈಯೂ ತಾನಾಗಿ ಮೇಜು ಕುಟ್ಟಿತು.

ಸಾಲಿನಲ್ಲಿದ್ದ ವನಿತಾ ದುಪ್ಪಟ್ಟಾ ಬಾಯಿಗೆ ತುರುಕಿಕೊಂಡಳು. ಮೇಡಮ್ ಸಾರ್ ಮುಖ ನೋಡಿದರು, ಇವಳ ಮುಖ ನೋಡಿದರು. ಮಾತಾಡಿದ್ದು ಯಾರೆಂದು ಇನ್ನೂ ತೀರ್ಮಾನವಾಗದವರಂತೆ.

“ಉತ್ತರ ಸರಿ,” ಎಂದರು. “ಆದರೆ ಅಂಕ ಯಾರಿಗೆ ಕೊಡಲಿ? ನಿನ್ನ ಧ್ವನೀಲಿ ಹೇಳು. ಇಲ್ಲಾಂದ್ರೆ ಸೊನ್ನೆ.”

ತಲೆಯೆತ್ತಿದರೆ ಸಾರ್, ಹೊರಳಿದರೆ ಮೇಡಮ್. ನೋಡಲು ಬೇರೆ ಜಾಗವಿಲ್ಲದೆ ಮಧುಶ್ರೀ ಮತ್ತೆ ಮೈಕ್ರೋಸ್ಕೋಪಿಗೇ ಬಗ್ಗಿದಳು. ಸುತ್ತಿನೊಳಗೆ ಸುತ್ತಾಗಿ ಉಂಗುರಗಳು. ಉಂಗುರಗಳ ನಡುವೆ ಪುಟ್ಟ ಪುಟ್ಟ ಗೂಡು. ಒಂದೊಂದು ಗೂಡಿಗೆ ಒಂದೊಂದೇ ಜೀವಕೋಶದ ಜಾಗ.

“ಅದು... ಮೇಡಮ್...” ಹೊರಟ ಧ್ವನಿ ಅವಳಿಗೇ ಅಪರಿಚಿತವಾಗಿತ್ತು, ತೆಳ್ಳಗೆ, ಅವಳೂರು ಮಿರ್ಲೆಯ ಹೊಲದ ಬದುವಿನಿಂದ ಯಾರೋ ಕೂಗಿದ ಹಾಗೆ. “ಬೇರೆ ಅಂಗಾಂಶದಲ್ಲಿ ಜೀವಕೋಶನೇ ಎಲ್ಲಾ. ಇಲ್ಲಿ ಅಂಗಲ್ಲ. ಈ ಜೀವಕೋಶ ತನ್ ಸುತ್ತ ತಾನೇ ಏನೋ ಸುರಿಸ್ಕತ್ತದೆ. ಅದು ಗಟ್ಟಿಯಾಯ್ತದೆ. ಆಮೇಲ್ ನೋಡ್ಕಂಡ್ರೆ ತಾನೇ ಒಳಗೆ ಸಿಕ್ಕಾಕ್ಕಂಡಿರ್ತದೆ.”

“ಹೊರಗೆ ಬರೋಕಾಗಲ್ವಾ?”

“ಆಗಕಿಲ್ಲ ಮೇಡಮ್. ಆದ್ರೆ ಗೋಡೇಲಿ ಸಣ್ ಸಣ್ ನಾಲೆ ಅವೆ. ಅದ್ರೊಳಗೆ ಕೈ ಚಾಚಿ ಪಕ್ಕದ್ದನ್ನ ಮುಟ್ಕಂಡಿರ್ತದೆ. ಅದುಕ್ಕೇ ಬದುಕಿರ್ತದೆ.”

ಮೇಡಮ್ ಪೆನ್ನು ಎತ್ತಿದರು. “ಸಾಕು. ಹೋಗಿ ನೆಮ್ಮದಿಯಾಗಿ ಊಟ ಮಾಡು.”

ಎದ್ದ ಮಧುಶ್ರೀ ಸಾರ್ ಕಡೆ ನೋಡಿದಳು. ಕ್ಷಮಿಸಿ ಎನ್ನಬೇಕು, ಯಾವ ಧ್ವನಿಯಲ್ಲಿ ಎಂದು ಮತ್ತೆ ಹೆದರಿಕೆಯಾಯಿತು. ಸಾರ್ ತಮ್ಮ ಕೈಗಳನ್ನೇ ನೋಡುತ್ತಿದ್ದರು, ಯಾರೋ ಮೇಜಿನ ಮೇಲೆ ಮರೆತುಹೋದ ಸಾಮಾನಿನಂತೆ.

“ಮುಂದಿನವರನ್ನ ಕರೀರಿ ಸಾರ್,” ಎಂದರು ಮೇಡಮ್.

ಸಾರ್ ಬಾಯಿ ತೆರೆದರು. ಮೂಗಿನವರೆಗೆ ಬಂದ ಗಾಳಿ ಹಾಗೇ ಹಿಂದಕ್ಕೆ ಹೋಯಿತು. ಮೇಜು ಕುಟ್ಟಲೆಂದು ಎದ್ದ ಬಲಗೈಯನ್ನು ಎಡಗೈ ಹಿಡಿದುಕೊಂಡಿತು. ಸಾರ್ ಎರಡನೇ ಸಲ ಬಾಯಿ ತೆರೆದು, ಮುಚ್ಚಿದರು. ಕೊನೆಗೆ ಏರಿಲ್ಲದ, ಎಳೆತವಿಲ್ಲದ, ಯಾರದೂ ಅಲ್ಲದ ದನಿಯಲ್ಲಿ, “ವನಿತಾ” ಎಂದರು.

ಆ ದನಿಯನ್ನು ಹಿಂದೆಂದೂ ಕೇಳಿರದ ವನಿತಾ, ಕರೆದವರು ಯಾರೆಂದು ತಿಳಿಯದೆ, ನಿಂತಲ್ಲೇ ನಿಂತಿದ್ದಳು.