ಫಕ್ಕೀರವ್ವ ಮಡಚಿದ ಎಲೆ

ಸವಣೂರಿನಲ್ಲಿ ಎಲೆ ಹಾಕಿಕೊಳ್ಳದವರು ಸಿಗುವುದು ಕಷ್ಟ. ಆದರೆ ಎಲೆ ಮಡಚಲು ಬರುವವಳು ಊರಿಗೆಲ್ಲ ತಾನೊಬ್ಬಳೇ ಎಂದು ಫಕ್ಕೀರವ್ವನ ನಂಬಿಕೆ. ಊರೂ ಅದನ್ನು ಅಲ್ಲಗಳೆದಿರಲಿಲ್ಲ, ಅವಳ ಬಾಯಿಗೆ ಹೆದರಿಯೂ ಇರಬಹುದು. ಎಲೆಯ ತೊಟ್ಟು ಮುರಿದು, ನಾರು ಸೀಳಿ, ಬೆರಳ ತುದಿಯಿಂದ ಸುಣ್ಣ ಸವರಿ, ಕಾಚು ಅಡಿಕೆ ಇಟ್ಟು ಅವಳು ಮಡಚಿ ಕೊಟ್ಟರೆ ಗಂಡ ನೀಲಪ್ಪನ ಬಾಯಿ ಕೆಂಪೇರುತ್ತಿತ್ತು. ಹೆಂಡತಿಗೆ ಪ್ರೀತಿ ಇದ್ದಷ್ಟು ಗಂಡನ ಬಾಯಿ ಕೆಂಪಾಗುತ್ತದೆ ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅವಳು ನಕ್ಕು ಸುಮ್ಮನಾದರೂ ಒಳಗೊಳಗೆ ಅದನ್ನು ನಂಬಿದ್ದಳು.

ನೀಲಪ್ಪ ಎಲೆಪೇಟೆಯಲ್ಲಿ ಹರಾಜಿನ ಸವಾಲು ಕೂಗುವವನು. ಅವನು ಪೇಟೆಯಲ್ಲಿ ಬಾಯಿ ತೆಗೆದರೆ ಬಸ್ ಸ್ಟ್ಯಾಂಡಿನಲ್ಲಿ ಕುಂತವರಿಗೆ ಎಲೆಯ ಧಾರಣೆ ಗೊತ್ತಾಗುತ್ತಿತ್ತು. ಅರವತ್ತಾರನೆಯ ಇಸವಿಯ ಚಳಿಗಾಲದಲ್ಲಿ ಆ ದನಿ ಅಡಗಿತು. ಮನೆಯ ಎಮ್ಮೆ ದಿನ ತುಂಬುವ ಮೊದಲೇ ಕಂದು ಹಾಕಿದಾಗ ಅದರ ಬಾಣಂತನವೆಲ್ಲ ಅವನೇ ಬರಿಗೈಯಲ್ಲಿ ಮಾಡಿದ್ದ. ಆಮೇಲೆ ಶುರುವಾಯಿತು ಜ್ವರ. ಸಂಜೆ ಏರುವುದು, ಕೌದಿ ಹಿಂಡುವಷ್ಟು ಬೆವರು ಬರುವುದು, ಬೆಳಗ್ಗೆ ಇಳಿಯುವುದು. ಸೊಂಟದ ನೋವಿಗೆ ಅವನು ಗೋಡೆ ಹಿಡಿದು ಏಳುತ್ತಿದ್ದ.

ಶಿಗ್ಗಾಂವದ ಡಾಕ್ಟರ್ ಮಹಮ್ಮದಗೌಸ ಬಂದು ನೋಡಿದರು, ರಕ್ತವನ್ನು ಹುಬ್ಬಳ್ಳಿಗೆ ಕಳಿಸಿ ತಪಾಸಣೆ ಮಾಡಿಸಿದರು, ಆಮೇಲೆ ಪಡಸಾಲೆಯಲ್ಲಿ ಕುಳಿತು ಬಿಡಿಸಿ ಹೇಳಿದರು.

“ಇದು ಎಮ್ಮಿಯಿಂದ ಬಂದ ಕ್ರಿಮಿ ಅವ್ವಾರ. ನಮ್ಮ ಮೈಯಾಗ ಕಾವಲು ಕಾಯೋ ಕಣ ಇರ್ತಾವ. ಹೊರಗಿನ ಕ್ರಿಮಿ ಬಂದ್ರ ಹಿಡದು ನುಂಗಿ ಕರಗಿಸ್ತಾವ. ಆದ್ರ ಈ ಕ್ರಿಮಿ ಭಾಳ ಕಿಲಾಡಿ. ನುಂಗಿಸಿಕೊಂಡು, ಕರಗಲಾರದ, ಆ ಕಾವಲುಗಾರನ ಹೊಟ್ಟ್ಯಾಗ ಸಂಸಾರ ಹೂಡತೈತಿ.”

“ಪೊಲೀಸನ ಮನ್ಯಾಗ ಕಳ್ಳ ಬಾಡಿಗಿ ಇದ್ದಂಗ ಆತಲ್ರಿ,” ಎಂದಳು ಫಕ್ಕೀರವ್ವ.

“ಹಂಗ ನೋಡ್ರಿ. ನಾ ಚುಚ್ಚೋ ಸೂಜಿ ಔಷಧ ಓಣ್ಯಾಗ ಅಡ್ಡಾಡೋ ಕಳ್ಳರನ್ನ ಹಿಡೀತೈತಿ, ಮನಿ ಒಳಗ ಹೋಗೋದು ಕಡಿಮಿ. ಈ ಹೊಸಾ ಗುಳಿಗಿ ಒಳಗ ಹೋಗತೈತಿ. ಕ್ರಿಮಿ ತನ್ನ ಮೈ ಕಟ್ಟಿಕೊಳ್ಳೋ ಕಾರಖಾನಿಗೆ ಕೀಲಿ ಹಾಕತೈತಿ. ಹಾಲಿನ ಜೋಡಿ ಮಾತ್ರ ಕೊಡಬ್ಯಾಡ್ರಿ, ಗುಣ ಹೋಗತೈತಿ.”

ಇಂಗ್ಲಿಷ್ ಔಷಧವೆಂದರೆ ಉಷ್ಣ, ಅದಕ್ಕೆ ಹಾಲೇ ಮದ್ದು ಎಂದು ತಿಳಿದಿದ್ದ ಫಕ್ಕೀರವ್ವ ಆ ದಿನದಿಂದ ಗಂಡನ ಮುಂದೆ ಹಾಲಿನ ತಂಬಿಗೆಯನ್ನೇ ತರಲಿಲ್ಲ.

ಆದರೆ ಗುಳಿಗೆಯದೇ ಒಂದು ಪೇಚು. ಎರಡು ಬಣ್ಣದ, ನುಣ್ಣನೆಯ ಕ್ಯಾಪ್ಸೂಲು ನೀಲಪ್ಪನ ಗಂಟಲಲ್ಲಿ ಅಂಟಿ ಕುಳಿತು ಅವನನ್ನು ಕೆಮ್ಮಿಸಿ ಹಣ್ಣು ಮಾಡಿತು. ಫಕ್ಕೀರವ್ವ ಅದನ್ನು ಒತ್ತಿ ನೋಡಿದಳು. ರಬ್ಬರಿನ ಹಾಗಿತ್ತು. “ಪೆಪ್ಪರಮಿಂಟ್ ಕಾಗದ ಬಿಚ್ಚಲಾರದ ಯಾರರ ತಿಂತಾರೇನು?” ಎಂದವಳೇ ಎರಡು ತುಂಡು ಮಾಡಿದಳು. ಒಳಗೆ ಹಳದಿ ಪುಡಿ, ನಾಲಿಗೆಗೆ ಮುಟ್ಟಿಸಿದರೆ ಬೇವಿನಂಥ ಕಹಿ. ಕಹಿ ಅಡಗಿಸುವುದು ಅವಳಿಗೆ ಯಾರು ಕಲಿಸಬೇಕು? ಪುಡಿಯನ್ನು ಎಲೆಯಲ್ಲಿ ಸುರಿದು, ಸುಣ್ಣ ಕಾಚು ಒಂದಿಷ್ಟು ಹೆಚ್ಚಾಗಿಯೇ ಹಾಕಿ ಮಡಚಿದಳು. ನೀಲಪ್ಪ ಖುಷಿಯಿಂದ ಜಗಿದ.

ಸೂಜಿಯ ಬಲದಿಂದ ಜ್ವರ ಒಂದಷ್ಟು ಇಳಿದು, ಮತ್ತೆ ಮೊದಲಿನ ಹಾಗೇ ಏರಿತು. ಡಾಕ್ಟರ ಮುಖ ಸಣ್ಣದಾಯಿತು.

“ಹಾಲು ಕೊಟ್ಟೀರೇನ್ರಿ?”

“ಹನಿ ಹಾಲು ಮುಟ್ಟಿಸಿಲ್ರಿ. ಕೊಳ್ಳಾಗಿನ ಲಿಂಗ ಮುಟ್ಟಿ ಹೇಳ್ತೇನಿ.”

“ಹಂಗಾರ ಈ ಔಷಧಕ್ಕ ಕ್ರಿಮಿ ಬಗ್ಗವಲ್ದು. ಹೃದಯಕ್ಕ ಇಳೀತಂದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ. ನಾಳೆ ಮುಂಜಾನಿ ಬಸ್ಸಿಗೆ ಹುಬ್ಬಳ್ಳಿಗೆ ಕರ್ಕೊಂಡು ಹೋಗ್ರಿ.”

ಹುಬ್ಬಳ್ಳಿ ಆಸ್ಪತ್ರೆಗೆ ಹೋದ ಫಕ್ಕೀರವ್ವನ ಅಣ್ಣ ತಿರುಗಿ ಬಂದಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಆತು ಕುಳಿತಳು. ಇಷ್ಟು ದಿನ ಅವಳ ಬಾಯಿಯನ್ನಷ್ಟೇ ಕಂಡಿದ್ದ ಡಾಕ್ಟರಿಗೆ ಅವಳ ಕಣ್ಣೀರು ನೋಡಲಾಗಲಿಲ್ಲ. ಹೋಗುವಾಗ ಒಂದು ಎಲೆ ಹಾಕಿಕೊಂಡೇ ಹೋಗುವುದು ಅವರ ರೂಢಿ. ಮುಖ ಆಚೆ ತಿರುಗಿಸಿ, ಕೈಗೆ ಸಿಕ್ಕ ತಾಟಿನಿಂದ ಮಡಚಿಟ್ಟ ಎಲೆಯೊಂದನ್ನು ಎತ್ತಿ ಬಾಯಿಗಿಟ್ಟರು.

ಎರಡು ಸಲ ಜಗಿದರು. ಕಣ್ಣು ಅಗಲವಾದವು. ಅಂಗಳಕ್ಕೆ ಓಡಿ ಉಗುಳಿದರು.

“ಏನ್ ಹಾಕೀರಿ ಇದ್ರಾಗ?”

“ಅಯ್ಯ, ಅದು ಅವರ ಎಲಿರಿ. ಸಂಜಿಗೆ ಬೇಕಂತ ಮಡಚಿಟ್ಟಿದ್ದೆ. ಅದ್ರಾಗ ನಿಮ್ಮ ಔಷಧ ಐತಿ.”

“ಸುಣ್ಣ ಹಚ್ಚೀರೇನು?”

“ಸುಣ್ಣ ಇಲ್ಲದ ಎಲಿ ದನ ತಿಂತಾವ್ರಿ.”

ಡಾಕ್ಟರು ಕಟ್ಟೆಯ ಮೇಲೆ ಕುಸಿದು ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಮ್ಮ ಹಣೆ ತಾವೇ ಬಡಿದುಕೊಂಡರು.

“ಹಾಲಿನಾಗ ಇರೋದ ಸುಣ್ಣದಾಗೂ ಐತ್ರಿ ಅವ್ವಾರ, ಇನ್ನೂ ಜಾಸ್ತಿ ಐತಿ. ಔಷಧದ ಕಣ ಸುಣ್ಣದ ಕಣ ಒಂದನ್ನೊಂದು ಗಟ್ಟಿ ಹಿಡ್ಕೊಂಡು ಬಿಡ್ತಾವ. ಆಮ್ಯಾಲ ಹೊಟ್ಟಿ ದಾಟಿ ರಕ್ತಕ್ಕ ಹೋಗಂಗಿಲ್ಲ, ಹಂಗ ಹೊರಗ ಹೋಗತೈತಿ. ಹಾಲು ಬ್ಯಾಡ ಅಂದೆ, ಸವಣೂರಾಗ ಕುಂತು ಸುಣ್ಣ ಬ್ಯಾಡ ಅನ್ನಲಿಲ್ಲ. ತಪ್ಪು ನಂದು.”

ಫಕ್ಕೀರವ್ವ ಎಲೆಯ ತಾಟನ್ನು ದೂರ ತಳ್ಳಿದಳು. “ಅಂದ್ರ ಇಷ್ಟು ದಿನ ಔಷಧಾನ ನಾನ ಕಟ್ಟಿ ಹಾಕಿದ್ನೇನ್ರಿ?”

“ಈಗ ಬಿಚ್ಚಿದ್ರಲ್ಲ. ಹುಬ್ಬಳ್ಳಿ ಸದ್ಯಕ್ಕ ಬ್ಯಾಡ. ಗುಳಿಗಿ ಒಡೀಲಾರದ, ಬಾಳಿಹಣ್ಣಿನ ತುಣುಕಿನಾಗ ಇಟ್ಟು ನುಂಗಿಸ್ರಿ, ಮ್ಯಾಲ ನೀರು ಕೊಡ್ರಿ. ಔಷಧ ಮುಗಿಯೋತನಕ ಎಲಿ ಬಂದ್.”

ಆಗಲೇ ಅವಳು ಸುಣ್ಣದ ಡಬ್ಬಿ ಎತ್ತಿಕೊಂಡು ಪಕ್ಕದ ಮನೆಯ ಕರೆವ್ವನ ಕೈಗೆ ಕೊಟ್ಟು ಬಂದಳು. “ಇದನ್ನ ಇಟ್ಕೋ. ಅವ್ರು ಕೇಳಿದ್ರೂ ಕೊಡಬ್ಯಾಡ, ನಾ ಕೇಳಿದ್ರೂ ಕೊಡಬ್ಯಾಡ.” ಗಂಡನ ಎದುರು ತಾನೊಬ್ಬಳೇ ಹ್ಯಾಗೆ ಜಗಿಯುವುದೆಂದು ತಾನೂ ಬಿಟ್ಟಳು. ನೀಲಪ್ಪ ಮುನಿಸಿಕೊಂಡ, ಅಂಗಲಾಚಿದ, ಇದಕ್ಕಿಂತ ಜ್ವರವೇ ಬೇಕಾಗಿತ್ತು ಎಂದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಾ ಬೆಳಗ್ಗೆ ಅವನ ಕೌದಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಮೊದಮೊದಲು ಒದ್ದೆ, ಆಮೇಲೆ ಬರೀ ತಂಪು.

ಒಂದು ಮುಂಜಾನೆ ಕೌದಿ ಒಣಗಿತ್ತು. ಅವಳು ಅದನ್ನು ತಿರುಗಿಸಿ ನೋಡಿದಳು, ಮುಖಕ್ಕೆ ಒತ್ತಿ ನೋಡಿದಳು. ಎಲ್ಲ ಕಡೆ ಒಣಗಿಯೇ ಇತ್ತು.

ನೀಲಪ್ಪ ಗೋಡೆ ಹಿಡಿಯದೆ ಎದ್ದು, ಅಂಗಳದಲ್ಲಿ ಕನ್ನಡಿ ಹಿಡಿದು ಗಡ್ಡ ಕೆರೆಯುತ್ತಿದ್ದವನು ನಾಲಿಗೆ ಚಾಚಿ ನೋಡಿಕೊಂಡ. ಎಲೆಪೇಟೆಯಲ್ಲಿ ನಿಂತ ಹಾಗೆ ಒಮ್ಮೆಗೇ ದನಿ ಎತ್ತಿದ.

“ಲೇ ಫಕ್ಕೀರಿ, ನೋಡಿಲ್ಲೆ. ಬಾಯಿ ಸುಣ್ಣದ ಗ್ವಾಡಿ ಆಗೇತಿ. ನಿನಗ ನನ್ನ ಮ್ಯಾಲ ಪ್ರೀತಿ ಇಲ್ಲ ಅಂತಾರ ಮಂದಿ.”

ಫಕ್ಕೀರವ್ವ ಕೌದಿಯನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. ನಗುವೂ ಅಳುವೂ ಒಟ್ಟಿಗೇ ಬಂದವು.

“ಅನ್ನಲಿ ಬಿಡ್ರಿ,” ಎಂದಳು. “ಮತ್ತೊಮ್ಮೆ ಕೂಗ್ರಿ. ಬಸ್ ಸ್ಟ್ಯಾಂಡಿಗೆ ಕೇಳಂಗ ಕೂಗ್ರಿ.”