ಹಕಾರ ಬಿಟ್ಟ ಹೆಸರು

ಮುಂದೆ ನಿಂತವನ ಕಾಲರಿಗೆ ಗಂಜಿ ಹಾಕಿದ್ದಾರೆ, ಕತ್ತು ತಿರುಗಿಸಿದರೆ ಕರಕರ ಎನ್ನುತ್ತದೆ, ಮೊನ್ನೆ ಯಶವಂತಪುರದಲ್ಲಿ ರೈಲಿಳಿದವನಿಗೆ ಇವತ್ತು ತಿಂಗಳ ಸಂಬಳ, ಕ್ವಾರ್ಟರ್ಸು, ನಲ್ಲಿ ನೀರು, ಹೊಟ್ಟೆ ಉರಿಯುತ್ತದೆ, ನಾನು ನನ್ನದೇ ರಾಗಿ ಹೊಲದ ಮೇಲೆ ಸಾಲು ನಿಂತ ದಿನಗೂಲಿ — ಅಗೋ ಕಾರ್ಖಾನೆಯ ಆ ಕ್ಯಾಂಟೀನು, ಅಲ್ಲೇ ನಮ್ಮ ಕಣ ಇತ್ತು, ಅಬ್ಬಿಗೆರೆಯಲ್ಲಿ ಯಾರನ್ನಾದರೂ ಕೇಳಿ — ಐವತ್ತನಾಲ್ಕನೇ ಇಸವಿಯಲ್ಲಿ ಸರಪಳಿ ಹಿಡಿದು ಅಳೆದರು, ಜಮೀನು ಕೊಟ್ಟ ಮನೆಗೊಂದು ಖಾಯಂ ಕೆಲಸ ಅಂದರು, ಜಮೀನಿನ ಪಟ್ಟಿಯಲ್ಲಿ ನಾನು ಹೊನ್ನಗಂಗಯ್ಯ, ಕೂಲಿ ಪಾಸಿನಲ್ಲಿ ಒನ್ನಗಂಗಯ್ಯ. ಪಾಸು ಬರೆಯುವ ದಿನ ಗುಮಾಸ್ತ ಶೇಷಗಿರಿ ಹೆಸರು ಕೇಳಿದ, ಹೇಳಿದೆ, ಕಿವಿಗೆ ಬಿದ್ದದ್ದನ್ನು ಬರೆದುಕೊಂಡ, ಹಾಳಾದ್ದು ಈ ನಾಲಿಗೆ, ಮನಸ್ಸಿನಲ್ಲಿರುವ ಹಕಾರ ಬಾಯಿಗೆ ಬರುವಷ್ಟರಲ್ಲಿ ಉದುರಿಹೋಗುತ್ತದೆ, ಇವತ್ತು ಖಾಯಂ ಕೆಲಸಕ್ಕೆ ಪಟ್ಟಿ, ಪಾಸು ಎರಡನ್ನೂ ತಾಳೆ ನೋಡುತ್ತಾರೆ, ಸರಿಯಾಗಿ ಹೇಳಿದರೆ ತಿದ್ದಿಕೊಂಡಾನು, ವಾರದಿಂದ ಅದೇ ಅಭ್ಯಾಸ, ಇಸ್ಕೂಲಿಗೆ ಹೋಗುವ ಮಗಳು ಎದುರು ಕೂತು ಅಪ್ಪಾ, ಹೊ ಅನ್ನು, ಒಲೆ ಊದೋ ಹಂಗೆ ಉಸಿರು ಬಿಡು, ಹೊ — ಒಳಗಿನಿಂದ ಹೆಂಡತಿ ಗಂಗರತ್ನಮ್ಮ ನಗುತ್ತಾಳೆ, ನೀನೂ ಒಂದ್ಸಲ ಹೇಳಮ್ಮಾ ಎಂದರೆ ಅಯ್ಯೋ ನಾನೆಂಗೆ ಯೋಳ್ಲಿ ನಿಮ್ಮಪ್ಪನ್ ಎಸ್ರ ಎಂದು ಸೆರಗು ಬಾಯಿಗಿಡುತ್ತಾಳೆ, ಗಂಡನ ಹೆಸರು ಎತ್ತದ ಇವಳೇ ಪುಣ್ಯವಂತೆ.

ಕಾಲರಿನವನು ಒಳಗೆ ಹೋದ, ಕಿಟಕಿಯಲ್ಲಿ ಶೇಷಗಿರಿ, ಏನಯ್ಯಾ ನಿನ್ನ ಹೆಸರು, ಹೊಟ್ಟೆಯಿಂದ ಉಸಿರೆಳೆದು ಹೇಳಿದೆ, ಹೊನ್ನಗಂಗಯ್ಯ, ಬಂತು, ಬಂದೇಬಿಟ್ಟಿತು, ನನ್ನ ಕಿವಿಗೇ ಕೇಳಿಸಿತು — ಅವನು ಪಾಸು ತಿರುಗಿಸಿ ನೋಡುತ್ತಾನೆ, ಇದರಲ್ಲಿ ಒನ್ನಗಂಗಯ್ಯ ಅಂತಿದೆಯಲ್ಲಯ್ಯಾ, ಹಂಗಾದ್ರೆ ಆರು ತಿಂಗಳಿಂದ ಯಾರ ಪಾಸಲ್ಲಿ ಒಳಗೆ ಬರ್ತಿದ್ದೀಯ, ಎರಡೂ ನಾನೇ ಸ್ವಾಮಿ, ಅದೆಲ್ಲ ಬೇಡ, ಪೊಲೀಸಿಗೆ ಕೊಡ್ಲಾ, ಒಂದೇ ಹೇಳು, ನೀನು ಪಟ್ಟಿಯವನೋ ಪಾಸಿನವನೋ. ಪಟ್ಟಿಯವನು ಎಂದರೆ ಪಾಸೂ ಹೋಯಿತು, ಖಾಯಂ ಕೆಲಸ ಯಾವ ಕಾಲಕ್ಕೋ, ಸಂಜೆಗೆ ರಾಗಿ ತರಬೇಕು — ರಾಗಿ, ಅಂಗಡಿಯಿಂದ, ನಾನು — ಒನ್ನಗಂಗಯ್ಯನೇ ಸ್ವಾಮಿ, ಅವ್ನ್ಯಾರೋ ನಂಗೊತ್ತಿಲ್ಲ, ನಾನೇ ಅಂದೆ, ನನ್ನ ಬಾಯಿಂದಲೇ, ಬಂದಿದ್ದ ಹಕಾರವನ್ನು ಬೇಕೆಂದೇ ನುಂಗಿ ಅಂದೆ. ಹಂಗೆ ಬಾ ದಾರಿಗೆ ಎಂದು ಶೇಷಗಿರಿ ಜಮೀನಿನ ಪಟ್ಟಿಯಲ್ಲಿ ಹೊನ್ನಗಂಗಯ್ಯನ ಮೇಲೆ ಕೆಂಪು ಗೆರೆ ಎಳೆದ, ಪಕ್ಕಕ್ಕೆ ಗೈರುಹಾಜರು ಎಂದು ಬರೆದ, ಹೋಗು ಒಳಗೆ, ಇನ್ನೂ ಯಾಕೆ ನಿಂತಿದ್ದೀಯ, ಆ ಕೆಂಪು ಗೆರೆ, ಮಸಿ ಇನ್ನೂ ಆರಿಲ್ಲ, ಹೊ-ದಿಂದ ಯ್ಯ-ವರೆಗೆ, ಕೆಂಪು ಗೆರೆ, ಕೆಂಪು ಗೆರೆ.